ಸಮುದಾಯ ಬಾನುಲಿಯಲ್ಲಿ ಒಂದರಿಂದ ಮೂರನೇ ತರಗತಿಗೆ ಲೆಕ್ಕದ ಪಾಠ: ಮಕ್ಕಳ ಉತ್ತರಕ್ಕೆ ಎಷ್ಟು ಸೆಕೆಂಡ್ ಬಿಡಬೇಕು?

ತೊಂಬತ್ತು_ಪಾಯಿಂಟ್_ನಾಲ್ಕು
ಎಲ್ಲರಿಗೂ ನಮಸ್ಕಾರ. ಸಮುದಾಯ ಬಾನುಲಿ ಕೇಂದ್ರ, 100 ವ್ಯಾಟ್, 30 ಮೀಟರ್ ಕಂಬ, ಎಫ್‌ಎಂ 90.4 ಮೆಗಾಹರ್ಟ್ಸ್. ಸಿಗ್ನಲ್ ಸಿಗುವ ವ್ಯಾಪ್ತಿಯಲ್ಲಿ 14 ಕಿರಿಯ ಪ್ರಾಥಮಿಕ ಶಾಲೆಗಳಿವೆ, ಐದು ಏಕೋಪಾಧ್ಯಾಯ ಶಾಲೆ. ಜೂನ್‌ನಿಂದ ವಾರಕ್ಕೆ ಮೂರು ದಿನ ಅರ್ಧರ್ಧ ಗಂಟೆ ಗಣಿತ ಪಾಠ ಹಾಕುವ ಯೋಜನೆ. ಎರಡು ಪಾಠ ಪ್ರಯೋಗಕ್ಕೆ ರೆಕಾರ್ಡ್ ಆಗಿವೆ. ಒಳ್ಳೇ ಧ್ವನಿ, ಹಾಡು, ಕಥೆ ಎಲ್ಲಾ ಇದೆ. ತರಗತಿಯಲ್ಲಿ ಹಾಕಿದರೆ ಹತ್ತನೇ ನಿಮಿಷಕ್ಕೇ ಮಕ್ಕಳು ಕಿಟಕಿ ನೋಡ್ತಾರೆ. ಪಾಠದಲ್ಲಿ 26 ನಿಮಿಷ ಮಾತು ಮತ್ತು ಹಾಡು, 4 ನಿಮಿಷ ಪ್ರಶ್ನೋತ್ತರ.

ಕೇಳಬೇಕಾದ್ದು ಮೂರು. ಪ್ರಶ್ನೆ ಕೇಳಿದ ಮೇಲೆ ಎಷ್ಟು ಸೆಕೆಂಡ್ ಬಿಡಬೇಕು? ಶಾಲೆಗೆ ಯಾವ ಥರದ ರೇಡಿಯೊ ಕೊಡಬೇಕು? ಒಂದರಿಂದ ಮೂರನೇ ತರಗತಿ ಒಟ್ಟಿಗೆ ಕೂತು ಕಾರ್ಡು ಹಿಡಿದು ಕಲಿಯುವ ನಲಿಕಲಿ ತರಗತಿಯಲ್ಲಿ ಇದನ್ನು ಎಲ್ಲಿ ತೂರಿಸುವುದು?

ಸ್ಕ್ರಿಪ್ಟ್_ರಿಪೇರಿ
26 ನಿಮಿಷ ಮಾತಾ? ಅದು ಪಾಠ ಅಲ್ಲ ಸರ್, ಆಕಾಶವಾಣಿಯ ಬೆಳಗಿನ ‘ಚಿಂತನ’.

ಲೆಕ್ಕ ತಲೆಕೆಳಗಾಗಬೇಕು. ಅರ್ಧ ಗಂಟೆಯಲ್ಲಿ ಮಗು 50ರ ಆಸುಪಾಸು ಸಲ ಬಾಯಿ ಬಿಡಬೇಕು, ಇಲ್ಲವೇ ಕೈ ಆಡಿಸಬೇಕು. ರೇಡಿಯೊ ಎರಡು ವಾಕ್ಯ ಹೇಳಿ ಸುಮ್ಮನಾಗಬೇಕು, ಮಗು ಉತ್ತರ ಕೊಡಬೇಕು, ತಕ್ಷಣ ರೇಡಿಯೊ ಸರಿ ಉತ್ತರ ಹೇಳಬೇಕು. ಪಾಠದುದ್ದಕ್ಕೂ ಇದೇ ಆಟ. 1974ರಲ್ಲಿ ನಿಕರಾಗುವಾ ದೇಶದ ಮಸಾಯಾ ಭಾಗದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಅಲ್ಲಿನ ಸರ್ಕಾರದ ಜೊತೆ ರೇಡಿಯೊ ಗಣಿತ ಶುರು ಮಾಡಿದಾಗ ಹಿಡಿದ ದಾರಿ ಇದು. ಅರ್ಧ ಗಂಟೆ ಪ್ರಸಾರ, ಅದು ಮುಗಿದ ಮೇಲೆ ಹೆಚ್ಚುಕಡಿಮೆ ಅಷ್ಟೇ ಹೊತ್ತು ಮೇಷ್ಟ್ರ ಅಭ್ಯಾಸ. ಮೊದಲು ಪ್ರತಿ ಮಗುವಿಗೂ ಅಚ್ಚು ಹಾಕಿದ ಹಾಳೆ ಕೊಟ್ಟರು, ಖರ್ಚು ತಡೆಯದೆ ಕೈಬಿಟ್ಟರು, ಮಕ್ಕಳು ತಮ್ಮ ಪುಸ್ತಕದಲ್ಲೇ ಬರೆದರು. ನಿಮಗೂ ಹಾಳೆಯ ಆಸೆ ಬೇಡ.

ಇನ್ನೊಂದು ವಿಷಯ. ಒಂದು ಪಾಠಕ್ಕೆ ಒಂದೇ ವಿಷಯ ಇಡಬೇಡಿ. ‘ಇವತ್ತು ಕಳೆಯುವ ಲೆಕ್ಕ’ ಅಂತ ಅರ್ಧ ಗಂಟೆ ಅದನ್ನೇ ಎಳೆದರೆ ಗೊತ್ತಿರುವವನಿಗೆ ಬೇಸರ, ಗೊತ್ತಿಲ್ಲದವನಿಗೆ ಹಿಂಸೆ. ಮೂರು ನಾಲ್ಕು ನಿಮಿಷದ ಆರೇಳು ತುಂಡು ಮಾಡಿ. ಎಣಿಕೆ, ಬಾಯಿಲೆಕ್ಕ, ಹೊಸ ವಿಷಯ, ಒಂದು ಕುಣಿತ, ಬರೆಯುವ ಲೆಕ್ಕ, ಹೋದ ವಾರದ್ದೊಂದು, ಒಗಟು. ಹೊಸ ವಿಷಯ ಒಂದೇ ತುಂಡು. ಅದೇ ವಿಷಯ ಮುಂದಿನ ಎಂಟು ಹತ್ತು ಪಾಠಗಳಲ್ಲಿ ಸ್ವಲ್ಪ ಸ್ವಲ್ಪ ತಲೆ ಹಾಕ್ತಾ ಇರಬೇಕು.

ಧಾರವಾಡ_ಪೇಡೆ
ಭಾಳ ಛಲೋ ಹೇಳಿದ್ರಿ. ಹಾಡು ಎಷ್ಟ್ ಹಾಕಿದ್ರೂ ಹುಡುಗರು ಕೇಳ್ತಾವ, ಕಲ್ಯಾಂಗಿಲ್ಲ.

ತೊಂಬತ್ತು_ಪಾಯಿಂಟ್_ನಾಲ್ಕು
ಅರ್ಥ ಆಯ್ತು. ಒಂದು ತುಂಡು ಬರೆದು ತೋರಿಸೋಕಾಗುತ್ತಾ? ಸೆಕೆಂಡ್ ಸಮೇತ.

ಸ್ಕ್ರಿಪ್ಟ್_ರಿಪೇರಿ
ತಗೊಳ್ಳಿ. ಪ್ರತಿ ಮಗುವಿನ ಮುಂದೆ ಇಪ್ಪತ್ತು ಹುಣಸೆ ಬೀಜ ಇದೆ ಅಂತಿಟ್ಟುಕೊಳ್ಳಿ.

ಅಜ್ಜಿ: ಮಕ್ಕಳೇ, ಎಂಟು ಬೀಜ ಎಣಿಸಿ ಮುಂದೆ ಇಟ್ಕೊಳ್ಳಿ. (ಸಂಗೀತ, 12 ಸೆಕೆಂಡ್)
ಅಜ್ಜಿ: ನನ್ನ ಜೊತೆ ಬೆರಳಿಟ್ಟು ಎಣಿಸಿ. ಒಂದು… ಎರಡು… (ಎಂಟರವರೆಗೆ, ನಿಧಾನ)
ಪುಟ್ಟ: ಅಜ್ಜೀ, ಮೂರು ಬೀಜ ನಾನು ಕದ್ದೆ!
ಅಜ್ಜಿ: ಅಯ್ಯೋ ಕಳ್ಳ! ಮಕ್ಕಳೇ, ಮೂರು ಬೀಜ ಪಕ್ಕಕ್ಕೆ ಸರಿಸಿ. (ಸಂಗೀತ, 6)
ಅಜ್ಜಿ: ನನಗೆಷ್ಟು ಉಳೀತು? (4)
ಅಜ್ಜಿ: ಐದು.
ಅಜ್ಜಿ: ಎಂಟರಲ್ಲಿ ಮೂರು ಹೋದರೆ? (3)
ಅಜ್ಜಿ: ಐದು.
ಪುಟ್ಟ: ಇನ್ನೂ ಒಂದು ಕದ್ದೆ!
ಅಜ್ಜಿ: ನೀವೂ ಒಂದು ಸರಿಸಿ. (4) ಈಗೆಷ್ಟು? (3)
ಅಜ್ಜಿ: ನಾಲ್ಕು.

ಅಂದಾಜು ಹೀಗೆ: ಗೊತ್ತಿರುವುದನ್ನು ಒಟ್ಟಿಗೆ ಕೂಗಲು 2–3 ಸೆಕೆಂಡ್. ಮನಸ್ಸಲ್ಲೇ ಕೂಡಿ ಕಳೆಯಲು 5ರಿಂದ 8. ಒಂದಂಕಿ ಬರೆಯಲು 8–10, ಲೆಕ್ಕವನ್ನೇ ಬರೆಯಬೇಕಾದರೆ 20ರ ಮೇಲೆ. ಒಂದನೇ ತರಗತಿಯ ಜೂನ್ ತಿಂಗಳಿಗೆ ಇದರ ಒಂದೂವರೆ ಪಟ್ಟು. ಆದರೆ ಸ್ಟುಡಿಯೊದಲ್ಲಿ ಕೂತು ಈ ಅಂಕಿ ನಿರ್ಧರಿಸಬೇಡಿ. ಮೊದಲು ಸ್ಕ್ರಿಪ್ಟನ್ನು ಒಂದು ತರಗತಿಯಲ್ಲಿ ಬಾಯಲ್ಲೇ ಓದಿ, ಇನ್ನೊಬ್ಬರು ಸ್ಟಾಪ್‌ವಾಚ್ ಹಿಡಿದು ಹಿಂದೆ ಕೂರಲಿ. ಮೊದಲ ಮಗು ಉತ್ತರ ಹೇಳಿದ ಹೊತ್ತಲ್ಲ, ಮುಕ್ಕಾಲು ಪಾಲು ಮಕ್ಕಳು ಮುಗಿಸಿದ ಹೊತ್ತು ಬರೆದುಕೊಳ್ಳಿ. ಎಲ್ಲರೂ ಮುಗಿಸುವವರೆಗೆ ಕಾದರೆ ಮುಗಿಸಿದವರು ಪಕ್ಕದವನನ್ನು ಚಿವುಟಲು ಶುರು ಮಾಡ್ತಾರೆ.

ಗಮನಿಸಿ, ಉತ್ತರ ಆದ ಮೇಲೆ ಅಜ್ಜಿ ‘ಶಭಾಷ್, ಸರಿಯಾಗಿ ಹೇಳಿದಿರಿ’ ಅನ್ನಲಿಲ್ಲ. ರೇಡಿಯೊಗೆ ಕಿವಿ ಇಲ್ಲ. ‘ಆರು’ ಅಂದ ಮಗುವಿಗೂ ಶಭಾಷ್ ಬಿದ್ದರೆ ಅದು ಆರನ್ನೇ ಹಿಡಿದುಕೊಳ್ಳುತ್ತೆ. ಬರೀ ಸರಿ ಉತ್ತರ ಹೇಳಿ, ಮುಂದೆ ಹೋಗಿ.

ಕಡಲ_ತರಂಗ
ಸ್ಕ್ರಿಪ್ಟ್ ಲಾಯ್ಕುಂಟು ಮಾರಾಯ್ರೆ, ಆದರೆ 20 ಸೆಕೆಂಡ್ ಮೌನ ಅಂತ ಬರೆಯುವ ಮೊದಲು ನಿಮ್ಮ ಪ್ರಸಾರದ ಕಂಪ್ಯೂಟರನ್ನು ಒಮ್ಮೆ ನೋಡಿ. ಹೆಚ್ಚಿನ ಆಟೊಮೇಶನ್ ಸಾಫ್ಟ್‌ವೇರ್‌ಗಳಲ್ಲಿ ಮೌನ ಪತ್ತೆ ಹಚ್ಚುವ ವ್ಯವಸ್ಥೆ ಉಂಟು. ಹತ್ತೋ ಹದಿನೈದೋ ಸೆಕೆಂಡ್ ಸದ್ದು ಇಲ್ಲದಿದ್ದರೆ ‘ಏನೋ ಕೆಟ್ಟಿತು’ ಅಂತ ಅದೇ ಬದಲಿ ಹಾಡು ಹಾಕಿ ಬಿಡ್ತದೆ. ಮಕ್ಕಳು 14ರಲ್ಲಿ 6 ಕಳೀತಾ ಇರುವಾಗ ಸಿನಿಮಾ ಹಾಡು. ಆ ಅರ್ಧ ಗಂಟೆಗೆ ಮಿತಿಯನ್ನು 60 ಸೆಕೆಂಡಿಗೆ ಏರಿಸಿ, ಇಲ್ಲವೇ ಎಲ್ಲಾ ವಿರಾಮಕ್ಕೂ ಸಣ್ಣ ಸಂಗೀತ ಹಾಸಿ.

ಸಂಗೀತ ಹಾಸಿದರೆ ಇನ್ನೊಂದು ಉಪದ್ರ. ಪ್ರಸಾರಕ್ಕೆ ಮೊದಲು ಸದ್ದಿನ ಮಟ್ಟ ಸರಿ ಮಾಡುವ ಆಡಿಯೊ ಪ್ರೊಸೆಸರ್ ಸದ್ದು ಇಳಿದ ಕೂಡಲೇ ಎತ್ತಿ ಹಿಡಿಯಲಿಕ್ಕೆ ನೋಡ್ತದೆ. ಮಾತಿಗಿಂತ 20 ಡೆಸಿಬಲ್ ಕೆಳಗೆ ಇಟ್ಟ ತಂಬೂರಿ ನಾಲ್ಕು ಸೆಕೆಂಡಲ್ಲಿ ಮಾತಿನಷ್ಟೇ ಜೋರಾಗಿ ಮೊರೆಯುತ್ತದೆ, ಮಕ್ಕಳ ಉತ್ತರ ಅದರಡಿ ಮುಚ್ಚಿ ಹೋಗ್ತದೆ. ಪ್ರೊಸೆಸರ್‌ನಲ್ಲಿ ಗೇಟ್ ಅಂತ ಇರ್ತದಲ್ಲ, ಸದ್ದು ಒಂದು ಮಟ್ಟಕ್ಕಿಂತ ಇಳಿದರೆ ಎತ್ತುವುದನ್ನು ತಡೆಯುವಂಥದ್ದು, ಅದರ ಮಟ್ಟವನ್ನು ಈ ಸಂಗೀತಕ್ಕಿಂತ ಸ್ವಲ್ಪ ಮೇಲೆ ಇಟ್ಟರೆ ಗೇನ್, ಅಂದರೆ ಸದ್ದು ಎತ್ತುವ ಪ್ರಮಾಣ, ಇದ್ದಲ್ಲೇ ನಿಲ್ಲುತ್ತದೆ.

ಸುಮ್ನೆ_ಓದುವವ
ಪೂರ್ತಿ ಮೌನಕ್ಕಿಂತ ಸಂಗೀತ ಹೇಗೂ ಒಳ್ಳೇದಲ್ವಾ? ಮೌನ ಬಂದರೆ ಸೆಲ್ ಹೋಯ್ತೇನೋ ಅಂತ ಮೇಷ್ಟ್ರು ಎದ್ದು ಬಂದು ರೇಡಿಯೊ ತಟ್ತಾರೆ.

ಕಡಲ_ತರಂಗ
ಹ್ಹ, ಹೌದು. ಸಂಗೀತ ಕೇಳಿದರೆ ‘ಈಗ ನನ್ನ ಸರದಿ’ ಅಂತ ಎರಡು ವಾರದಲ್ಲಿ ಮಕ್ಕಳಿಗೆ ರೂಢಿ ಆಗ್ತದೆ. ಉತ್ತರ ಕೂಗುವುದಕ್ಕೆ ಒಂದು ರಾಗ, ಬರೆಯುವುದಕ್ಕೆ ಇನ್ನೊಂದು. ವರ್ಷವಿಡೀ ಬದಲಿಸಬೇಡಿ.

ಧಾರವಾಡ_ಪೇಡೆ
ಒಂದ್ ಮಾತು ಯಾರೂ ಹೇಳ್ಲಿಲ್ಲ. ಕನ್ನಡದಾಗ ಅಂಕಿ ಹೇಳೂದರಾಗ ಬಲೆ ಅದಾವ. ರೇಡಿಯೊದಾಗ ‘ಏಳು’ ಅಂತಂದ್ರ ಅರ್ಧ ಕ್ಲಾಸು ಎದ್ದು ನಿಂದರತೈತಿ. ‘ಈಗ ಹತ್ತು’ ಅಂದ್ರ ಬೆಂಚ್ ಹತ್ತಾವೂ ಇರ್ತಾವ. ಎಬ್ಬಸೂದಿದ್ರ ‘ಎದ್ದು ನಿಲ್ರಿ’ ಅನ್ರಿ, ಒಂದೇ ಶಬ್ದದ ಆಜ್ಞೆ ಬ್ಯಾಡ. ಇನ್ನ ‘ಇಪ್ಪತ್ತು’, ‘ಎಪ್ಪತ್ತು’ ಹಿಂದಿನ ಸಾಲಿಗೆ ಒಂದೇ ಕೇಳಸ್ತಾವ. ‘ಒಂಬತ್ತು’, ‘ತೊಂಬತ್ತು’ ಸೈತ.

ಸ್ಕ್ರಿಪ್ಟ್_ರಿಪೇರಿ
ಇದಕ್ಕೆ ನೂರು ಲೈಕ್. ಮದ್ದು ಎರಡು. ಒಂದು, ಹೊಸದಾಗಿ ಬಂದಾಗ ಬಿಡಿಸಿ ಹೇಳಿಸುವುದು: ‘ಏಳು ಹತ್ತು, ಎಪ್ಪತ್ತು’. ಸ್ಥಾನಬೆಲೆಯೂ ಜೊತೆಗೇ ಹೋಗುತ್ತೆ. ಎರಡು, ಧ್ವನಿ ಕೊಡುವವರಿಂದ ಹಳ್ಳಿಯ ಬಾಯಲ್ಲಿ ಬರುವ ಹಾಗೆ ‘ಯಪ್ಪತ್ತು’ ಅಂತಲೇ ಹೇಳಿಸಿ. ಆ ‘ಯ’ ಇದ್ದರೆ ಇಪ್ಪತ್ತಿನಿಂದ ದೂರ ನಿಲ್ಲುತ್ತೆ. ವಾರ್ತೆ ಓದುವ ಉಚ್ಚಾರಣೆ ಇಲ್ಲಿ ತೊಡಕು.

ನಲಿಕಲಿ_ಏಣಿ
ಉಚ್ಚಾರಣೆ ಕೆಡಿಸಿ ಪಾಠ ಮಾಡುವುದಕ್ಕೆ ನನ್ನ ವಿರೋಧವಿದೆ. ನಾಳೆ ‘ಎಪ್ಪತ್ತು’ ಬರೆಯುವಾಗ ‘ಯಪ್ಪತ್ತು’ ಅಂತ ಬರೆಯುತ್ತಾರೆ.

ಸ್ಕ್ರಿಪ್ಟ್_ರಿಪೇರಿ
ಮೇಡಂ, ಇದು ಗಣಿತ. ಅವರು ಬರೆಯುವುದು 70.

ಕಡಲ_ತರಂಗ
ಭಾಷಾ ಪಾಠಕ್ಕೆ ಕೈ ಹಾಕುವವರಿಗೆ ಒಂದು ಎಚ್ಚರಿಕೆ. ಸಕಾರ, ಶಕಾರಗಳ ಭೇದ ಇರುವುದು ಎತ್ತರದ ಕಂಪನಗಳಲ್ಲಿ. ಎಫ್‌ಎಂನಲ್ಲಿ 15 ಕಿಲೊಹರ್ಟ್ಸ್‌ವರೆಗೆ ಹೋಗ್ತದೆ, ಪರವಾಗಿಲ್ಲ. ಮೀಡಿಯಂ ವೇವ್‌ನಲ್ಲಿ ಸಾಮಾನ್ಯ ಸೆಟ್ಟು ನಾಲ್ಕು ಕಿಲೊಹರ್ಟ್ಸ್ ದಾಟಿಸುವುದೇ ಕಷ್ಟ. ಅಲ್ಲಿ ‘ಸ’ ಮತ್ತು ‘ಶ’ ಅಂತ ಬಿಡಿ ಅಕ್ಷರ ಕಲಿಸ್ಲಿಕ್ಕೆ ಹೋದರೆ ಎರಡೂ ಒಂದೇ ಉಸಿರು. ‘ಸರ’, ‘ಶಂಖ’ ಅಂತ ಪೂರ್ತಿ ಶಬ್ದವೇ ಹೇಳಬೇಕು, ಅಕ್ಷರ ಹಲಗೆಯ ಮೇಲೆ ಇರಬೇಕು.

ನಲಿಕಲಿ_ಏಣಿ
ಮೂರನೇ ಪ್ರಶ್ನೆಗೆ ಬರುತ್ತೇನೆ, ಅದನ್ನೇ ಯಾರೂ ಮುಟ್ಟುತ್ತಿಲ್ಲ. ನಲಿಕಲಿ ಹುಟ್ಟಿದ್ದೇ ಎಲ್ಲರಿಗೂ ಒಂದೇ ಪಾಠ ಎಂಬುದಕ್ಕೆ ಎದುರಾಗಿ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು, ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿತು. ಒಂದು, ಎರಡು, ಮೂರು ಒಂದೇ ಕೋಣೆಯಲ್ಲಿ. ಪ್ರತಿ ಮಗು ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲಲ್ಲಿ ಇರುತ್ತೆ, ತನ್ನ ಕಾರ್ಡು ತಾನೇ ತೆಗೆದುಕೊಳ್ಳುತ್ತೆ. ರೇಡಿಯೊ ಬಂದು ‘ಎಲ್ಲರೂ ಎಂಟರಲ್ಲಿ ಮೂರು ಕಳೆಯಿರಿ’ ಅಂದರೆ ಮೂರನೇ ತರಗತಿಯ ಹುಡುಗಿ ಏನು ಮಾಡಬೇಕು? ಮೂರಂಕಿ ಲೆಕ್ಕ ಮಾಡುವ ಮಗು ಹುಣಸೆ ಬೀಜ ಎಣಿಸುತ್ತಾ ಕೂರುವುದೇ?

ಸ್ಕ್ರಿಪ್ಟ್_ರಿಪೇರಿ
ನ್ಯಾಯವಾದ ಪ್ರಶ್ನೆ. ಒಂದೇ ಪ್ರಶ್ನೆಯನ್ನು ಎರಡು ಮಜಲಲ್ಲಿ ಬರೆಯಬಹುದು. ‘ಎಂಟರಲ್ಲಿ ಮೂರು, ಬೀಜ ಇಟ್ಟು ಮಾಡಿ. ದೊಡ್ಡವರು ಎಂಬತ್ತರಲ್ಲಿ ಮೂವತ್ತು, ಬರೆದು ಮಾಡಿ.’ ವಿರಾಮ ಒಂದೇ, 10 ಸೆಕೆಂಡ್. ಆಮೇಲೆ ‘ಚಿಕ್ಕವರ ಉತ್ತರ ಐದು, ದೊಡ್ಡವರ ಉತ್ತರ ಐವತ್ತು’. ಸಂಬಂಧವೂ ಕಿವಿಗೆ ಬೀಳುತ್ತೆ.

ನಲಿಕಲಿ_ಏಣಿ
ಒಂದೆರಡು ತುಂಡಿಗೆ ಸರಿ, ಅರ್ಧ ಗಂಟೆ ಹೀಗೆ ಬರೆದರೆ ಮಕ್ಕಳು ಗಲಿಬಿಲಿ ಆಗುತ್ತಾರೆ. ನನ್ನ ಸಲಹೆ: ಹೊಸ ವಿಷಯ ಕಲಿಸುವ ಕೆಲಸ ರೇಡಿಯೊಗೆ ಕೊಡಬೇಡಿ, ಅದು ಏಣಿಯ ಕೆಲಸ. ರೇಡಿಯೊ ಮೂರು ತರಗತಿಗೂ ಬೇಕಾದ ಬಾಯಿಲೆಕ್ಕ, ಎಣಿಕೆ, ಎರಡರ ಐದರ ಹತ್ತರ ಜಿಗಿತ, ಅಂದಾಜು, ದುಡ್ಡಿನ ಲೆಕ್ಕ, ಇಷ್ಟಕ್ಕೆ ನಿಲ್ಲಲಿ. ಆಗ 20 ನಿಮಿಷ ಸಾಕು. ಕಾರ್ಡು ಹಿಡಿಯುವ ಮೊದಲು ಎಲ್ಲರೂ ಸುತ್ತಲೂ ಕೂತಿರುವ ಹೊತ್ತಿಗೆ ಸರಿಯಾಗಿ ಹೊಂದುತ್ತೆ.

ಸಮಯ ಬೆಳಿಗ್ಗೆಯೇ ಇರಲಿ. ಆದರೆ ಪ್ರಾರ್ಥನೆ ಆದ ತಕ್ಷಣ ಬೇಡ. ಹಾಲು ಕುಡಿದು, ಲೋಟ ತೊಳೆದು, ಹಾಜರಿ ಮುಗಿಯುವ ಹೊತ್ತಿಗೆ ಪ್ರಸಾರದ ಮೊದಲ ಐದು ನಿಮಿಷ ಕಳೆದೇ ಹೋಗಿರುತ್ತೆ. ಬಿಸಿಯೂಟದ ನಂತರ ಹಾಕಿದರೆ ಜೋಗುಳ.

ಅಂಕಿ_ಅಂಶ
ಮೇಡಂ ಹೇಳಿದ ಮಿತಿ ಶಿಕ್ಷಕಿ ಇರುವ ತರಗತಿಗೆ ಸರಿ. ಮೇಷ್ಟ್ರೇ ಇಲ್ಲದ ಕಡೆ ರೇಡಿಯೊನೇ ಪೂರ್ತಿ ಪಾಠ ಹೊತ್ತ ಉದಾಹರಣೆ ಇವೆ. ಡೊಮಿನಿಕನ್ ಗಣರಾಜ್ಯದ ನೈರುತ್ಯ ಭಾಗದಲ್ಲಿ 1980ರ ದಶಕದಲ್ಲಿ ಶಾಲೆಯೇ ಇಲ್ಲದ ಊರುಗಳಲ್ಲಿ ಚಪ್ಪರದಡಿ ಮಕ್ಕಳನ್ನು ಕೂರಿಸಿ ದಿನಕ್ಕೆ ಒಂದು ಗಂಟೆ ರೇಡಿಯೊ ಪಾಠ ನಡೆಸಿದರು. ಹೊಲದ ಕೆಲಸ ಮುಗಿಸಿ ಬರುವ ಮಕ್ಕಳು, ಅದಕ್ಕೇ ಸಂಜೆ ಹೊತ್ತು. ನಡೆಸುವವರು ಊರಿನವರೇ.

ಜಾಂಬಿಯಾದ್ದು ಇನ್ನೂ ದೊಡ್ಡದು. ಏಡ್ಸ್‌ನಿಂದ ಶಿಕ್ಷಕರು ಸಾಯುತ್ತಿದ್ದರು, ಅನಾಥ ಮಕ್ಕಳು ಹೆಚ್ಚಿದ್ದರು, ಇದ್ದ ಶಾಲೆ ಸಾಲದು. 2000ದಲ್ಲಿ ಅಲ್ಲಿನ ಶಿಕ್ಷಣ ಇಲಾಖೆಯ ಪ್ರಸಾರ ವಿಭಾಗ ‘ಲರ್ನಿಂಗ್ ಅಟ್ ತಾಓಂಗಾ ಮಾರ್ಕೆಟ್’ ಶುರು ಮಾಡಿತು. ಜಾಗ, ರೇಡಿಯೊ, ಪಾಠ ನಡೆಸುವ ಒಬ್ಬ ಮೆಂಟರ್, ಇಷ್ಟು ಸಮುದಾಯದ ಹೊಣೆ. ಪ್ರಸಾರ ಮತ್ತು ಕೈಪಿಡಿ ಇಲಾಖೆಯದ್ದು. ಚರ್ಚು, ಮರದ ನೆರಳು, ಎಲ್ಲಾದರೂ ಸರಿ. ಆ ಮೆಂಟರ್‌ಗೆ ಶಿಕ್ಷಕ ತರಬೇತಿ ಇರಬೇಕಿಲ್ಲ, ಓದು ಬರಹ ಬಂದರೆ ಸಾಕು. ಯಾಕೆಂದರೆ ‘ಈಗ ಒಬ್ಬ ಮಗುವನ್ನು ಕರೆಯಿರಿ’, ‘ಈಗ ಹಲಗೆಯಲ್ಲಿ ಬರೆಯಿರಿ’ ಅಂತ ರೇಡಿಯೊ ಅವರಿಗೂ ಹೇಳಿಕೊಡುತ್ತೆ.

ಪೆನ್‌ಡ್ರೈವ್_ಪಕ್ಷ
ಇಷ್ಟೆಲ್ಲಾ ಯಾಕೆ ಸ್ವಾಮಿ? 14 ಶಾಲೆ, 14 ಪೆನ್‌ಡ್ರೈವ್, 14 ಯುಎಸ್‌ಬಿ ಸ್ಪೀಕರ್. ಸಿಗ್ನಲ್ ಗೊಡವೆ ಇಲ್ಲ, ಸಮಯದ ಗೊಡವೆ ಇಲ್ಲ, ಬೇಕಾದಾಗ ನಿಲ್ಲಿಸಿ ಮತ್ತೆ ಹಾಕಬಹುದು. ರೇಡಿಯೊ ಹಳೇ ಕಾಲದ್ದು.

ಧಾರವಾಡ_ಪೇಡೆ
ಬೇಕಾದಾಗ ಹಾಕಬಹುದು ಅಂದ್ರ ಯಾವಾಗೂ ಹಾಕಂಗಿಲ್ಲ ಅಂತ ಅರ್ಥ ರೀ. 11ಕ್ಕ ಪಾಠ ಬರತೈತಿ ಅಂದ್ರ 11ಕ್ಕ ಹಚ್ಚಬೇಕು. ಪೆನ್‌ಡ್ರೈವ್ ನಾಳೆ ಹಚ್ಚೋಣು, ನಾಡಿದ್ದ ಹಚ್ಚೋಣು ಅಂತ ಕಪಾಟಿನಾಗ ಕೂಡತೈತಿ.

ಬಿಡಿ_ಭಾಗ
ಎರಡೂ ಬೇಕು. ಪ್ರಸಾರ ಮುಖ್ಯ, ಮೆಮೊರಿ ಕಾರ್ಡ್ ಹಿಂಬಾಗಿಲು. ಗುಡ್ಡದ ನೆರಳಲ್ಲಿರುವ ಶಾಲೆಗೆ ಎಫ್‌ಎಂ ಹೋಗಲ್ಲ, ವ್ಯಾಟ್ ಏರಿಸೋಕೆ ಪರವಾನಗಿ ಬಿಡಲ್ಲ, ಅಲ್ಲಿಗೆ ಕಾರ್ಡೇ ಗತಿ. ಆದರೆ ‘ನಿಲ್ಲಿಸಿ ಮತ್ತೆ ಹಾಕಬಹುದು’ ಅನ್ನೋದು ಲಾಭ ಅಲ್ಲ. ವಿರಾಮವನ್ನು ಅಳೆದು ಇಟ್ಟಿರೋದು ಪಾಠದ ಓಟ ಕೆಡದಿರಲಿ ಅಂತ. ಪ್ರತಿ ಪ್ರಶ್ನೆಗೂ ನಿಲ್ಲಿಸಿ ವಿವರಿಸೋಕೆ ಹೊರಟರೆ 20 ನಿಮಿಷದ್ದು 50 ನಿಮಿಷ ಆಗುತ್ತೆ, ಮಕ್ಕಳು ಬಸ್ ಕಾಯೋರ ಹಾಗೆ ಕೂತಿರ್ತಾರೆ.

ಎರಡನೇ ಪ್ರಶ್ನೆಗೆ ಉತ್ತರ. ಕಿಸೆ ರೇಡಿಯೊ ಬೇಡ. ಮೂರಿಂಚಿನ ಸ್ಪೀಕರ್ ಕನಿಷ್ಠ, ನಾಲ್ಕಾದರೆ ಒಳ್ಳೇದು. ಔಟ್‌ಪುಟ್ ಒಂದೂವರೆ ಎರಡು ವ್ಯಾಟ್ ಇದ್ದರೆ 35 ಮಕ್ಕಳ ಕೋಣೆಗೆ ಸಾಕು. ಮೇಷ್ಟ್ರ ಮೇಜಿನ ಮೇಲೆ ಗೋಡೆ ಕಡೆ ಮುಖ ಮಾಡಿ ಇಡಬೇಡಿ. ಮಕ್ಕಳು ಅರ್ಧಚಂದ್ರಾಕಾರದಲ್ಲಿ ಕೂರಲಿ, ರೇಡಿಯೊ ಸ್ಟೂಲಿನ ಮೇಲೆ, ಕೂತ ಮಕ್ಕಳ ತಲೆಗಿಂತ ಒಂದಡಿ ಮೇಲೆ, ಮುಖ ಅವರ ಕಡೆ. ಅತಿ ಹಿಂದೆ ಕೂತ ಮಗು ‘ಇಪ್ಪತ್ತು, ಎಪ್ಪತ್ತು’ ಬೇರೆ ಮಾಡಿ ಹೇಳಿದರೆ ಆ ಸೆಟ್ಟು ಪಾಸು.

ಏರಿಯಲ್ ಮುರಿದಿದ್ದರೆ 83 ಸೆಂಟಿಮೀಟರ್ ತಂತಿ ಮೊಸಳೆ ಕ್ಲಿಪ್ ಹಾಕಿ ಸಿಕ್ಕಿಸಿ. 90.4ಕ್ಕೆ ಅಲೆಯುದ್ದದ ಕಾಲು ಭಾಗ ಅಷ್ಟೇ ಬರೋದು. ಕಂಬ ಇರುವ ದಿಕ್ಕಿನ ಕಿಟಕಿ ಹತ್ತಿರ ಇಡಿ. ಮೊಬೈಲ್‌ನಲ್ಲಿ ಎಫ್‌ಎಂ ಕೇಳ್ತೀವಿ ಅಂದರೆ, ಇಯರ್‌ಫೋನ್ ತಂತಿಯೇ ಅದಕ್ಕೆ ಏರಿಯಲ್, ಅದನ್ನು ಕಿತ್ತರೆ ಬರೀ ಗೊರಗೊರ. ಈಗಿನ ಬಹಳ ಫೋನ್‌ಗಳಲ್ಲಿ ಎಫ್‌ಎಂ ಇರೋದೇ ಇಲ್ಲ.

ಸುಮ್ನೆ_ಓದುವವ
ಕರೆಂಟ್ ಇಲ್ಲದ ದಿನ?

ಬಿಡಿ_ಭಾಗ
ದೊಡ್ಡ ಟಾರ್ಚ್ ಸೆಲ್ ಹಾಕೋ ಸೆಟ್ಟು ತಗೊಳ್ಳಿ, ಪೆನ್ಸಿಲ್ ಸೆಲ್ಲಿಂದು ಬೇಡ. ತರಗತಿಗೆ ಕೇಳುವಷ್ಟು ಜೋರಾಗಿ ಇಟ್ಟರೆ ಸೆಟ್ಟು ಸುಮಾರು 120 ಮಿಲಿಆಂಪ್ ಎಳೆಯುತ್ತೆ. ಸಾಧಾರಣ ದೊಡ್ಡ ಸೆಲ್ 4 ಆಂಪ್-ಗಂಟೆ ಅಂತ ಹಿಡಿದರೂ 30 ಗಂಟೆ ಮೇಲೆ ಬರಬೇಕು. ವಾರಕ್ಕೆ ಒಂದೂವರೆ ಗಂಟೆ ಪಾಠ ಅಂದರೆ ಲೆಕ್ಕದಲ್ಲಿ 20 ವಾರ. ಒಂದು ಸೆಮಿಸ್ಟರ್ ದಾಟುತ್ತೆ. ದಾಟಲ್ಲ ಅಂದರೆ ಯಾರೋ ಕಾಮೆಂಟರಿ ಕೇಳಿದ್ದಾರೆ.

ಹಳೇ ಸೆಲ್ ಜೊತೆ ಹೊಸದು ಬೆರೆಸಬೇಡಿ. ಹಸಿರು ಬಿಳಿ ಪುಡಿ ಕಟ್ಟಿದ್ದರೆ ರಬ್ಬರಿನಿಂದ ಉಜ್ಜಿ, ಹೋಗದಿದ್ದರೆ ಮರಳುಕಾಗದ. ಮೀಡಿಯಂ ವೇವ್ ಸೆಟ್ಟಾದರೆ ಎಲ್‌ಇಡಿ ಬಲ್ಬು, ಅಗ್ಗದ ಚಾರ್ಜರ್ ಎರಡೂ ಆರಿಸಿ, ಗೊರಗೊರ ಅರ್ಧ ಇಳಿಯುತ್ತೆ. ಸೆಟ್ಟನ್ನು ಗಿರ್ರನೆ ತಿರುಗಿಸಿ ನೋಡಿ, ಒಳಗೆ ಏರಿಯಲ್ ಆಗಿರೋ ಫೆರೈಟ್ ಕಡ್ಡಿಗೆ ದಿಕ್ಕಿದೆ.

ಧಾರವಾಡ_ಪೇಡೆ
ಸೆಲ್ ಬಿಸಲಾಗ ಇಟ್ರ ಮತ್ತ ಜೀವ ಬರತೈತಿ. ಹಳ್ಳ್ಯಾಗ ಎಲ್ಲಾರೂ ಮಾಡ್ತಾರ.

ಬಿಡಿ_ಭಾಗ
ಬರುತ್ತೆ, ಹತ್ತಿಪ್ಪತ್ತು ನಿಮಿಷಕ್ಕೆ. ಬಿಸಿಯಾದರೆ ಒಳಗಿನ ಕ್ರಿಯೆ ಚುರುಕಾಗುತ್ತೆ ಅಷ್ಟೇ, ಶಕ್ತಿ ಹೊಸದಾಗಿ ತುಂಬಲ್ಲ. ಸೆಲ್ಲಿನ ಸತುವಿನ ಡಬ್ಬಿ ತೂತಾಗಿ ಸೋರೋದು ಬೇಗ ಆಗುತ್ತೆ.

ಧಾರವಾಡ_ಪೇಡೆ
ಇಪ್ಪತ್ತ್ ನಿಮಿಷ ಸಾಕಲ್ರಿ, ಮೇಡಂ ಅವರ ಪಾಠನೂ ಇಪ್ಪತ್ತೇ ನಿಮಿಷ 😄

ಪೆನ್‌ಡ್ರೈವ್_ಪಕ್ಷ
ಕೀ ಕೊಡೋ ರೇಡಿಯೊ ಇದೆಯಲ್ಲ, ಸೆಲ್ಲೇ ಬೇಡ?

ಅಂಕಿ_ಅಂಶ
ಇದೆ. ಆಫ್ರಿಕಾದಲ್ಲಿ ಏಡ್ಸ್ ಬಗ್ಗೆ ಒಂದು ಕಾರ್ಯಕ್ರಮ ನೋಡಿ 1991ರಲ್ಲಿ ಬ್ರಿಟನ್ನಿನ ಟ್ರೆವರ್ ಬೇಲಿಸ್ ರೂಪಿಸಿದ್ದು. ಮೊದಲಿನವು ಸ್ಪ್ರಿಂಗ್‌ನವು. 2003ರಲ್ಲಿ ಬಂದ ‘ಲೈಫ್‌ಲೈನ್’ ಸೆಟ್ಟು ಮಕ್ಕಳ ಗುಂಪಿಗೆಂದೇ ಮಾಡಿದ್ದು, ಹಿಡಿ ತಿರುಗಿಸಿದರೂ ಸೌರಫಲಕ ಬಿಸಿಲಿಗಿಟ್ಟರೂ ಬ್ಯಾಟರಿ ತುಂಬುತ್ತೆ. ಜಾಂಬಿಯಾದ ಕೇಂದ್ರಗಳಲ್ಲಿ ಬಳಸಿದರು. ಇಂಥ ಸೆಟ್ಟಿನಲ್ಲಿ ಮೊದಲು ಕೈಕೊಡುವುದು ಹಿಡಿಯೇ. ಮಕ್ಕಳಿಗೆ ಅದೊಂದು ಆಟ, ಎರಡೂ ಕಡೆ ತಿರುಗಿಸುತ್ತವೆ. ದಿನಕ್ಕೊಬ್ಬ ಮಗುವಿಗೆ ‘ರೇಡಿಯೊ ಮಂತ್ರಿ’ ಅಂತ ಹೊಣೆ ಕೊಟ್ಟರೆ ಉಳಿಯುತ್ತೆ.

ಸುಮ್ನೆ_ಓದುವವ
ವಿಷಯಾಂತರಕ್ಕೆ ಕ್ಷಮಿಸಿ, 100 ವ್ಯಾಟ್ ಕಡಿಮೆ ಅಂತ ಯಾರೂ ಬೇಜಾರಾಗಬೇಡಿ. 1935ರಲ್ಲಿ ಮೈಸೂರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಮನೆಯಲ್ಲೇ ಬಾನುಲಿ ಶುರು ಮಾಡಿದಾಗ ಇದ್ದದ್ದು 30 ವ್ಯಾಟು. ‘ಆಕಾಶವಾಣಿ’ ಅನ್ನೋ ಹೆಸರು ಅಲ್ಲಿಂದ ಬಂದದ್ದು.

ನಲಿಕಲಿ_ಏಣಿ
ಇನ್ನೂ ಹತ್ತಿರದ ಉದಾಹರಣೆ ಇದೆ. ನಮ್ಮ ಡಿಎಸ್‌ಇಆರ್‌ಟಿ (ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ) ಮತ್ತು ಆಕಾಶವಾಣಿ ಸೇರಿ ನಡೆಸಿದ ರೇಡಿಯೊ ಪಾಠಗಳು, ‘ಚುಕ್ಕಿ ಚಿನ್ನ’, ‘ಕೇಳಿ ಕಲಿ’. ಇಂಥವು ಬಿದ್ದುಹೋಗುವುದು ಪಾಠ ಕೆಟ್ಟದ್ದೆಂದಲ್ಲ. ಕೈಪಿಡಿ ಜೂನ್‌ಗೆ ಬರಬೇಕಾದ್ದು ಸೆಪ್ಟೆಂಬರ್‌ಗೆ ಬಂದರೆ ‘ಹಲಗೆ ನೋಡಿ’ ಅಂತ ರೇಡಿಯೊ ಹೇಳಿದಾಗ ಹಲಗೆಯಲ್ಲಿ ಏನೂ ಇರುವುದಿಲ್ಲ. ಒಂದು ಪಾಠಕ್ಕೆ ಒಂದೇ ಪುಟ ಮಾಡಿ: ಏನು ಜೋಡಿಸಿಡಬೇಕು, ಹಲಗೆಯಲ್ಲಿ ಮೊದಲೇ ಏನು ಬರೆಯಬೇಕು, ಪ್ರಸಾರದ ನಂತರ ಯಾವ ಎರಡು ಆಟ. ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಕೈಯಲ್ಲಿ ತಿಂಗಳ ಪುಟಗಳನ್ನು ಒಟ್ಟಿಗೆ ಕಳಿಸಿ. ಜೊತೆಗೆ ಹಿಂದಿನ ಸಂಜೆ ಅದೇ ಬಾನುಲಿಯಲ್ಲಿ ಎರಡು ನಿಮಿಷ ‘ನಾಳಿನ ಪಾಠಕ್ಕೆ ಇದು ಬೇಕು’ ಅಂತ ಓದಿ. ಕೈಪಿಡಿ ಕಳೆದುಕೊಂಡವರಿಗೆ ಅದೇ ಕೈಪಿಡಿ.

ತೊಂಬತ್ತು_ಪಾಯಿಂಟ್_ನಾಲ್ಕು
ಹಿಂದಿನ ಸಂಜೆ ಓದುವ ಉಪಾಯ ತುಂಬಾ ಚೆನ್ನಾಗಿದೆ, ಮಾಡ್ತೇವೆ. ಒಂದು ಅನುಮಾನ. ಎಲ್ಲರೂ ಒಟ್ಟಿಗೆ ಕೂಗಿದರೆ ನಾಲ್ಕು ಜೋರು ಬಾಯಿಯ ಹುಡುಗರ ಹಿಂದೆ ಉಳಿದವರು ಅಡಗಲ್ವಾ?

ಸ್ಕ್ರಿಪ್ಟ್_ರಿಪೇರಿ
ಅಡಗ್ತಾರೆ. ಅದಕ್ಕೆ ಕೂಗಿಸುವುದು ಮೂರರಲ್ಲಿ ಒಂದು ಪ್ರಶ್ನೆಗೆ ಮಾತ್ರ. ಉಳಿದದ್ದಕ್ಕೆ ಬೆರಳು ತೋರಿಸು, ಬೀಜ ಇಡು, ಅಂಕಿ ಬರೆ, ಪಕ್ಕದವಳ ಕಿವಿಯಲ್ಲಿ ಹೇಳು. ‘ಹಿಂದಿನ ಸಾಲು ಮಾತ್ರ’, ‘ಹುಡುಗಿಯರು ಮಾತ್ರ’ ಅಂತ ಸರದಿ ಹಾಕಿ. ಐದಾರು ಸಲ ‘ಟೀಚರ್, ಇನ್ನೂ ಮಾತಾಡದ ಒಂದು ಮಗುವನ್ನು ಕರೆಯಿರಿ’ ಅಂತ ಹೇಳಿ 7 ಸೆಕೆಂಡ್ ಬಿಡಿ. ಹೆಸರು ಕರೆದು ಮಗು ಎದ್ದೇಳಲು ಮೂರು ಸೆಕೆಂಡ್ ಹೋಗುತ್ತೆ, ಮರೆಯಬೇಡಿ.

ಇದರಿಂದ ಇನ್ನೊಂದು ಉಪಕಾರ: ಶಿಕ್ಷಕರು ಕೋಣೆಯಲ್ಲೇ ಇರಬೇಕಾಗುತ್ತೆ. ರೇಡಿಯೊ ಹಚ್ಚಿ ಮಕ್ಕಳ ವಿವರವನ್ನು ಆನ್‌ಲೈನ್‌ನಲ್ಲಿ ತುಂಬುವ ಸ್ಯಾಟ್ಸ್ ಎಂಟ್ರಿಗೆ ಹೋದರೆ ಪಾಠ ಸತ್ತ ಹಾಗೆ.

ನಲಿಕಲಿ_ಏಣಿ
ಹೋಗುವುದು ಸೋಮಾರಿತನಕ್ಕಲ್ಲ ಸರ್. ಏಕೋಪಾಧ್ಯಾಯ ಶಾಲೆಯಲ್ಲಿ ಆ 20 ನಿಮಿಷ ನಾಲ್ಕು ಐದನೇ ತರಗತಿಯನ್ನೂ ಅದೇ ಶಿಕ್ಷಕಿ ನೋಡಬೇಕು. ಇವರ ಐದು ಶಾಲೆಗೆ ಒಬ್ಬ ತಾಯಿಯನ್ನೋ ಪಿಯುಸಿ ಓದಿದ ಹುಡುಗಿಯನ್ನೋ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೂಲಕ ಒಪ್ಪಿಸಿ, ಎರಡು ದಿನ ಅಭ್ಯಾಸ ಮಾಡಿಸಿ. ಜಾಂಬಿಯಾದಿಂದ ಕಲಿಯಬೇಕಾದ್ದು ಅದನ್ನೇ.

ಅಂಕಿ_ಅಂಶ
ಫಲಿತಾಂಶ ಅಳೆಯುವುದನ್ನೂ ಈಗಲೇ ಯೋಚಿಸಿ. ನಿಕರಾಗುವಾದಲ್ಲಿ ರೇಡಿಯೊ ತರಗತಿ, ಅಭ್ಯಾಸ ಪುಸ್ತಕ ಕೊಟ್ಟ ತರಗತಿ, ಏನೂ ಕೊಡದ ತರಗತಿ ಅಂತ ಹೋಲಿಸಿದ್ದರು. ಪುಸ್ತಕದಿಂದಲೂ ಲಾಭವಾಯಿತು, ರೇಡಿಯೊದಿಂದ ಅದಕ್ಕಿಂತ ಹೆಚ್ಚು. ಪಟ್ಟಣದ ಮಕ್ಕಳಿಗೂ ಹಳ್ಳಿಯ ಮಕ್ಕಳಿಗೂ ಇದ್ದ ಅಂತರವೂ ಕುಗ್ಗಿತು. ನೀವು ಅಷ್ಟು ಮಾಡಬೇಕಿಲ್ಲ. ಎಂಟು ಶಾಲೆಯಲ್ಲಿ ಜೂನ್‌ನಿಂದ, ಉಳಿದ ಆರರಲ್ಲಿ ದಸರಾ ರಜೆ ಮುಗಿದ ಮೇಲೆ ಶುರು ಮಾಡಿ. ಜೂನ್ ಶುರುವಿನಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ 14ರಲ್ಲೂ ಒಂದೇ 20 ಬಾಯಿಲೆಕ್ಕ ಕೇಳಿ. ವ್ಯತ್ಯಾಸ ಕಣ್ಣಿಗೆ ಬೀಳುತ್ತೆ. ಯಾವ ಶಾಲೆ ಮೊದಲು ಅನ್ನೋದನ್ನು ಚೀಟಿ ಎತ್ತಿ ನಿರ್ಧರಿಸಿ, ಉತ್ಸಾಹಿ ಮೇಷ್ಟ್ರ ಶಾಲೆಗಳನ್ನೇ ಆರಿಸಬೇಡಿ.

ಪೆನ್‌ಡ್ರೈವ್_ಪಕ್ಷ
ಉಳಿದ ಆರು ಶಾಲೆಯವರೂ ಸುಮ್ಮನೆ ರೇಡಿಯೊ ಹಚ್ಚಿ ಕೇಳಿದರೆ? ಪ್ರಸಾರಕ್ಕೆ ಬೀಗ ಹಾಕೋಕಾಗಲ್ಲ. ಪೆನ್‌ಡ್ರೈವ್ ಆಗಿದ್ರೆ…

ಅಂಕಿ_ಅಂಶ
ಅಲ್ಲಿ ನೀವು ಗೆದ್ದಿರಿ. ರೇಡಿಯೊ ಮತ್ತು ಕೈಪಿಡಿ ಕೊಡದಿದ್ದರೆ ಹೆಚ್ಚಿನವರು ಕೇಳಲ್ಲ, ಆದರೂ ಎಷ್ಟು ದಿನ ಕೇಳಿದರು ಅಂತ ಕೇಳಿ ಬರೆದಿಡಬೇಕು.

ಕಡಲ_ತರಂಗ
ಮಳೆಯ ಬಗ್ಗೆ ಯಾರೂ ಹೇಳ್ಲಿಲ್ಲ. ಜೂನ್ ಜುಲೈಯಲ್ಲಿ ಶೀಟಿನ ಮಾಡು ಇರುವ ಶಾಲೆಯಲ್ಲಿ ಎರಡು ವ್ಯಾಟ್ ಅಲ್ಲ, ಹತ್ತು ವ್ಯಾಟ್ ಇಟ್ಟರೂ ಕೇಳುವುದಿಲ್ಲ. ಮರುಪ್ರಸಾರ ಬೇಕೇ ಬೇಕು. ಶನಿವಾರ ಬೆಳಿಗ್ಗೆ ವಾರದ ಮೂರೂ ಪಾಠ ಸಾಲಾಗಿ ಹಾಕಿ, ತಪ್ಪಿದ್ದನ್ನು ಹಿಡಿದುಕೊಳ್ಳಲಿ.

ತೊಂಬತ್ತು_ಪಾಯಿಂಟ್_ನಾಲ್ಕು
ಎಲ್ಲರಿಗೂ ಧನ್ಯವಾದ. ಎರಡೂ ಪಾಠ ಬಿಚ್ಚಿ ಮತ್ತೆ ಬರೀತಿದ್ದೇವೆ. 20 ನಿಮಿಷ, ಐದು ತುಂಡು, ಮಕ್ಕಳ ಸರದಿ 38. ಮೌನದ ಮಿತಿ 60 ಸೆಕೆಂಡಿಗೆ ಏರಿಸಿದ್ದಾಯ್ತು. ಶನಿವಾರ ಮರುಪ್ರಸಾರ. ‘ಬರೆಯಿರಿ’ ಅನ್ನೋದಕ್ಕೆ ತಂಬೂರಿ, ‘ಉತ್ತರ ಹೇಳಿ’ ಅನ್ನೋದಕ್ಕೆ ಶಾಲೆ ಗಂಟೆಯ ಒಂದೇ ಢಣ್ ಅಂತ ಇಟ್ಟಿದ್ದೇವೆ.

ನಲಿಕಲಿ_ಏಣಿ
ಗಂಟೆ ಬೇಡ! ಊಟಕ್ಕೆ ಬಿಟ್ಟರು ಅಂತ ತಟ್ಟೆ ಹಿಡಿದು ಓಡುತ್ತಾರೆ.

ತೊಂಬತ್ತು_ಪಾಯಿಂಟ್_ನಾಲ್ಕು
ಅಯ್ಯೋ ಹೌದಲ್ಲ. ಗೆಜ್ಜೆ ಸದ್ದು ಹಾಕ್ತೇವೆ.

ಧಾರವಾಡ_ಪೇಡೆ
ಗೆಜ್ಜಿ ಹಾಕಿದ್ರ ಎತ್ತಿನ ಗಾಡಿ ಬಂತಂತ ಮತ್ತ ಕಿಟಕಿ ನೋಡ್ತಾವ. ಹಲಗಿ ಬಡಿಯೂ ಸದ್ದು ಹಾಕ್ರಿ.